ಚಕಮಕಿಯ ಉಕ್ಕು

ಚಾಲುಕ್ಯರ ರಾಜಧಾನಿಯಾಗಿಯೂ ಶರಣರ ಕಾಯಕಭೂಮಿಯಾಗಿಯೂ ಖ್ಯಾತಿವೆತ್ತ ಬಸವಕಲ್ಯಾಣದ ಸುತ್ತಣ ಕರಿನೆಲದಲ್ಲಿ ನಡೆದಾಡಿ, ಮಳೆನೀರು ತೊಳೆದ ಹಳ್ಳದ ದಂಡೆಗಳಲ್ಲಿ ಬೆಣಚುಕಲ್ಲಿನ ಚೂರುಗಳನ್ನು ಕಂಡವರಿಗೆ, ದಖ್ಖನಿನ ಕುರಿಗಾಹಿಯ ಚಂಚಿಯಲ್ಲಿ ಎಲೆಯಡಿಕೆಯ ಜೊತೆಗೆ ಚಕಮಕಿಗೂ ಏಕೆ ಎಡೆಯಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಕಲ್ಲು, ಕರಿಕುಗೊಂಡ ಹತ್ತಿಯ ಅರಳೆ, ಅಂಗೈಯಲ್ಲಿ ಅಡಗುವ ಉಕ್ಕಿನ ತುಂಡು, ಈ ಮೂರರಲ್ಲಿ ಲೋಕವು ಕಲ್ಲನ್ನೇ ಕೊಂಡಾಡಿದೆ. ಆದರೆ ಉರಿಯುವುದು ಕಲ್ಲಲ್ಲ. ಉಕ್ಕಿಗಿಂತ ಕಠಿನವಾದ ಅದರ ಅಂಚು ಕೆರೆದೆಬ್ಬಿಸಿದ ಉಕ್ಕಿನ ಸೂಕ್ಷ್ಮಕಣವೇ ಘರ್ಷಣೆಯ ತಾಪದಿಂದ ಗಾಳಿಯಲ್ಲಿ ಹೊತ್ತಿ ಕಿಡಿಯಾಗುತ್ತದೆ. ಆದುದರಿಂದ ಅದರ ಶ್ರೇಯಸ್ಸು ಮೊದಲು ಸಲ್ಲತಕ್ಕುದು ಕಮ್ಮಾರನಿಗೆ.

ಎಲ್ಲ ಕಬ್ಬಿಣವೂ ಕಿಡಿಗೊಡದು. ಕಿಟಕಿಯ ಮೆದು ಸರಳನ್ನು ಎಷ್ಟು ಬಡಿದರೂ ವ್ಯರ್ಥ. ಇಂಗಾಲದ ಅಂಶ ನೂರಕ್ಕೆ ಅರ್ಧಕ್ಕಿಂತ ಮಿಗಿಲಾಗಿರಬೇಕು. ಹೈದರಾಬಾದು–ಸೋಲಾಪುರ ಹೆದ್ದಾರಿಯ ಮೇಲಿರುವ ಹುಮನಾಬಾದಿನಂತಹ ಊರಿನಲ್ಲಿ ಮುರಿದ ಲಾರಿಯ ಕಮಾನುಪಟ್ಟಿಗೆ ಬರವಿಲ್ಲ. ಅದರಲ್ಲಿ ಇಂಗಾಲ ನೂರಕ್ಕೆ ಸುಮಾರು 0.6. ಸವೆದ ಅರದಲ್ಲಿ 1ರಷ್ಟು ಅಥವಾ ಅದಕ್ಕೂ ಹೆಚ್ಚು, ಆದುದರಿಂದ ಅದು ಇನ್ನೂ ಶ್ರೇಷ್ಠ. ಅರದ ಹಲ್ಲುಗಳನ್ನು ಮೊದಲೇ ಉಜ್ಜಿ ತೆಗೆಯದಿದ್ದರೆ ಆ ಗೀರುಗಳಿಂದಲೇ ಬಿರುಕು ಹುಟ್ಟುತ್ತದೆ. ತಿದಿಯೊತ್ತಿ ಕಾಸಿ, ಅಡಿಗಲ್ಲಿನ ಮೇಲೆ ತಟ್ಟಿ, ಬೆರಳು ಹಿಡಿಯುವಂತೆ ತುದಿಗಳನ್ನು ಒಳಕ್ಕೆ ಬಾಗಿಸುವುದು ಸುಲಭ, ಕಷ್ಟವಿರುವುದು ಹದದಲ್ಲಿ. ಕಾವು ಮಿತಿಮೀರಿ ಲೋಹ ಬೆಳ್ಳಗಾದರೆ ಮೇಲ್ಮೈಯ ಇಂಗಾಲ ಸುಟ್ಟುಹೋಗಿ, ಬಡಿಯುವ ಮುಖ ನಿಸ್ಸತ್ವವಾಗುತ್ತದೆ. ಅಯಸ್ಕಾಂತವು ಉಕ್ಕನ್ನು ಸೆಳೆಯದಾಗುವ ಸುಮಾರು 770 ಡಿಗ್ರಿ ಸೆಲ್ಸಿಯಸ್ ತಾಪವನ್ನು ಸ್ವಲ್ಪವೇ ದಾಟಿದ ಕೆಂಪು ಬೇಕು. ಆ ಕೆಂಪನ್ನು ಬಿಸಿಲಿನಲ್ಲಿ ಗುರುತಿಸಲಾಗದು, ಕುಲುಮೆಯ ಮಬ್ಬುಗತ್ತಲೆಯೇ ಅದಕ್ಕೆ ಅಳತೆಗೋಲು. ಆ ಕ್ಷಣದಲ್ಲಿ ಇಕ್ಕಳದಿಂದೆತ್ತಿ ನೀರಿನಲ್ಲಿ ಅದ್ದಬೇಕು. ಕುಡುಗೋಲಾದರೆ ಮತ್ತೆ ಮಂದವಾಗಿ ಕಾಸಿ ಅದರ ಪೆಡಸುತನವನ್ನು ಇಳಿಸುವರು. ಚಕಮಕಿಗೆ ಆ ಉಪಚಾರವಿಲ್ಲ. ಅದು ಪೆಡಸಾಗಿಯೇ ಉಳಿಯಬೇಕು, ಕಲ್ಲಿನ ಮೇಲೆ ಬಿದ್ದರೆ ಒಡೆಯುವಷ್ಟು ಪೆಡಸಾಗಿ.

ಉಕ್ಕಿನ ಈ ವಿದ್ಯೆ ನಮ್ಮ ನೆರೆಹೊರೆಗೆ ಹೊಸತಲ್ಲ. ನಿಜಾಮಾಬಾದು ಸೀಮೆಯ ಕೋನಸಮುದ್ರದ ಉಕ್ಕನ್ನರಸಿ ಪಾರಸಿಕ ವರ್ತಕರು ಬರುತ್ತಿದ್ದರು. ಆದರೆ 1827ರಲ್ಲಿ ಇಂಗ್ಲೆಂಡಿನ ಜಾನ್ ವಾಕರ್ ಗೀರಿದೊಡನೆ ಉರಿಯುವ ಕಡ್ಡಿಗಳನ್ನು ಮಾರತೊಡಗಿದನು. 1920ರ ದಶಕದಿಂದೀಚೆಗೆ ಶಿವಕಾಶಿಯ ಕಡ್ಡಿಪೆಟ್ಟಿಗೆಗಳೂ ಬಂದವು. ಚಂಚಿಯಲ್ಲಿ ಉಕ್ಕಿನ ತುಂಡಿಗೆ ಕೆಲಸ ಉಳಿಯಲಿಲ್ಲ. ಕುಡ, ಕೊಡಲಿಗಳೂ ಈಗ ಅಂಗಡಿಯಿಂದಲೇ ಬರುತ್ತಿರಲು, ಅವನ್ನು ತಟ್ಟುತ್ತಿದ್ದ ಕುಲುಮೆಗಳು ಒಂದೊಂದಾಗಿ ಆರುತ್ತಿವೆ.

ಬಸವಕಲ್ಯಾಣದಲ್ಲಿ ನೂತನ ಅನುಭವಮಂಟಪಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಕಾಯಕವನ್ನು ಪೂಜೆಗೆ ಸಮನಾಗಿ ಕಂಡವರ ಆ ಆವರಣದಲ್ಲಿ ಒಂದು ಕುಲುಮೆಗೂ ಎಡೆ ದೊರೆತು, ಸವೆದ ಅರವೊಂದು ಚಕಮಕಿಯಾಗುವುದನ್ನು ಶಾಲೆಯ ಮಕ್ಕಳು ಹತ್ತಿರ ನಿಂತು ನೋಡುವಂತಾಗಬೇಕೆಂಬುದು ನನ್ನ ಆಸೆ. ಬರಿಗಣ್ಣಿನಿಂದ ಕೆಂಪಿನ ಹದವನ್ನು ಅರಿಯಬಲ್ಲ ಹಿರಿಯರು ಇನ್ನೂ ಇರುವಾಗಲೇ ಇದು ಆಗಬೇಕು. ಅವರ ಮಕ್ಕಳಲ್ಲಿ ಹಲವರು ಈಗಾಗಲೇ ಬೇರೆ ಕಸುಬಿಗೆ ಹೊರಟುಹೋಗಿದ್ದಾರೆ.