ಶಾಸನಗಳ ಕಾಲನಿರ್ದೇಶವೂ ಬೂಲಿಯನ್ ನಿಬಂಧನೆಗಳೂ

ಶಾಸನಗಳ ವಿವರಗಳನ್ನು ಜಾಲಪುಟದ ನಮೂನೆಗಳಲ್ಲಿ ತುಂಬಿ ಗಣಕಯಂತ್ರಕ್ಕೆ ಒಪ್ಪಿಸುವ ಪದ್ಧತಿ ಈಗ ಬಳಕೆಗೆ ಬಂದಿದೆ. ತುಂಬಿದುದು ಸರಿಯೇ ಎಂದು ಪರೀಕ್ಷಿಸುವ ನಿಬಂಧನೆಗಳನ್ನು ಪ್ರೋಗ್ರಾಂ ಬರೆಯುವವರಿಗೇ ಬಿಟ್ಟು ಚರಿತ್ರೆಯ ಅಭ್ಯಾಸಿಗಳಾದ ನಾವು ಸುಮ್ಮನಿರುತ್ತೇವೆ. ಈ ಔದಾಸೀನ್ಯದಿಂದ ಆಧಾರಗಳೇ ಕೆಡಬಹುದೆಂಬುದನ್ನು ಇಲ್ಲಿ ತೋರಿಸಬಯಸುತ್ತೇವೆ.

ಜಾರ್ಜ್ ಬೂಲನು ೧೮೪೭ರಲ್ಲಿಯೂ ೧೮೫೪ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ತರ್ಕವನ್ನು ಬೀಜಗಣಿತದ ರೂಪಕ್ಕೆ ತಂದನು. 'ಮತ್ತು', 'ಅಥವಾ', 'ಅಲ್ಲ' ಎಂಬ ಮೂರು ಪದಗಳಿಂದ ಎಂತಹ ನಿಬಂಧನೆಯನ್ನಾದರೂ ಕಟ್ಟಬಹುದು. ಅವನ ಸಮಕಾಲೀನನೂ ೧೮೦೬ರಲ್ಲಿ ನಮ್ಮ ಮಧುರೆಯಲ್ಲಿಯೇ ಹುಟ್ಟಿದವನೂ ಆದ ಆಗಸ್ಟಸ್ ಡಿ ಮಾರ್ಗನನ ಹೆಸರಿನ ನಿಯಮವೊಂದುಂಟು: 'ಅಥವಾ' ಇರುವ ಮಾತನ್ನು ನಿಷೇಧಿಸಿದಾಗ ಅದು 'ಮತ್ತು' ಆಗುತ್ತದೆ. ಆಡುಮಾತಿನಲ್ಲಿ ಇದನ್ನು ನಾವು ಗಮನಿಸುವುದೇ ಇಲ್ಲ.

ನಾವು ಕಂಡ ಒಂದು ನಮೂನೆಯಲ್ಲಿ, 'ಕಾಲಗಣನೆ ಶಕವಲ್ಲದಿದ್ದರೆ ಅಥವಾ ಚಾಲುಕ್ಯ ವಿಕ್ರಮವಲ್ಲದಿದ್ದರೆ ತಿರಸ್ಕರಿಸು' ಎಂದಿತ್ತು. ಕಿವಿಗೆ ಹಿತವಾಗಿದೆ. ಆದರೆ ಶಕ ೪೬೫ರ, ಎಂದರೆ ಕ್ರಿ.ಶ. ೫೪೩ರ, ಬಾದಾಮಿಯ ಬಂಡೆಗಲ್ಲು ಶಾಸನವನ್ನು ತುಂಬಿದರೆ ಅದು ಚಾಲುಕ್ಯ ವಿಕ್ರಮವಲ್ಲವಾದ್ದರಿಂದ ತಿರಸ್ಕೃತವಾಗುತ್ತದೆ. ಯಾವ ಶಾಸನವೂ ಏಕಕಾಲದಲ್ಲಿ ಎರಡೂ ಆಗಲಾರದಾಗಿ ಎಲ್ಲವೂ ತಿರಸ್ಕೃತವೇ! ಅಲ್ಲಿ 'ಮತ್ತು' ಇರಬೇಕಿತ್ತು. 'ಶಕ ಅಥವಾ ಚಾಲುಕ್ಯ ವಿಕ್ರಮವಾಗಿದ್ದರೆ ಸ್ವೀಕರಿಸು' ಎಂದು ವಿಧಿರೂಪದಲ್ಲಿ ಬರೆಯುವುದು ಇನ್ನೂ ಉತ್ತಮ.

ಇಂತಹ ತಪ್ಪು ಕೂಡಲೇ ಬಯಲಾಗುತ್ತದೆ. ಬಯಲಾಗದ ತಪ್ಪೇ ಅಪಾಯಕಾರಿ. ಹಲ್ಮಿಡಿ ಶಾಸನದಲ್ಲಿ ಶಕವರ್ಷದ ಉಲ್ಲೇಖವಿಲ್ಲ, ಅದನ್ನು ಕ್ರಿ.ಶ. ೪೫೦ರ ಸುಮಾರಿನದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದೇ ನಮೂನೆ ಬರಿದಾದ ಅಂಕಣವನ್ನು ಸೊನ್ನೆಯೆಂದು ಭಾವಿಸಿ, 'ವರ್ಷ ಒಂದಕ್ಕಿಂತ ಕಡಿಮೆ' ಎಂದು ಅದನ್ನು ಹಿಂದಿರುಗಿಸಿತು. ವಿವರ ತುಂಬುತ್ತಿದ್ದ ವಿದ್ಯಾರ್ಥಿಯು ೪೫೦ರಿಂದ ೭೮ನ್ನು ಕಳೆದು ಶಕ ೩೭೨ ಎಂದು ಬರೆದನು. ನಮೂನೆ ಒಪ್ಪಿತು. ವಿದ್ವಾಂಸರ ಊಹೆ ಹೀಗೆ ಕಲ್ಲಿನ ಮೇಲಿನ ಅಕ್ಷರವಾಯಿತು. ವಿದ್ಯಾರ್ಥಿಯನ್ನು ನಾವು ದೂರಲಾರೆವು.

ತಿದ್ದಿದ ನಿಬಂಧನೆಯೂ ನಿರ್ದೋಷವಾಗಿರಲಿಲ್ಲ: 'ಶಕವರ್ಷ ಬರಿದಾಗಿದೆ ಅಥವಾ ಶಕವರ್ಷ ಅಂಕಿಯಾಗಿದೆ ಮತ್ತು ಊರಿನ ಹೆಸರಿದೆ.' ಸಾಮಾನ್ಯವಾದ ಪ್ರೋಗ್ರಾಂ ಭಾಷೆಗಳಲ್ಲಿ, ಕೂಡುವುದಕ್ಕೆ ಮೊದಲು ಗುಣಿಸುವಂತೆ, 'ಅಥವಾ'ಕ್ಕೆ ಮೊದಲು 'ಮತ್ತು' ಅನ್ವಯವಾಗುತ್ತದೆ. ಆದಕಾರಣ ವರ್ಷವಿಲ್ಲದ ಶಾಸನಕ್ಕೆ ಊರೂ ಬೇಡವೆಂದಾಯಿತು. ಮೊದಲ ಎರಡು ಮಾತುಗಳನ್ನು ಆವರಣದೊಳಗಿಟ್ಟರೆ ದೋಷ ಕಳೆಯುತ್ತದೆ. ಆ ಆವರಣಕ್ಕೆ 'ವರ್ಷ ಸರಿಯಿದೆ' ಎಂದು ಹೆಸರಿಟ್ಟು, 'ವರ್ಷ ಸರಿಯಿದೆ ಮತ್ತು ಊರಿನ ಹೆಸರಿದೆ' ಎಂದು ಬರೆದರೆ ಪ್ರೋಗ್ರಾಂ ತಿಳಿಯದ ಶಾಸನತಜ್ಞರೂ ಓದಿ ತಪ್ಪು ಹಿಡಿಯಬಲ್ಲರು. ನಮಗೆ ಬೇಕಾದುದು ಇದೇ.

ಅವರ ಕಣ್ಣು ಅಗತ್ಯವೆಂಬುದಕ್ಕೆ ಇನ್ನೊಂದು ನಿದರ್ಶನ. ಶಕವರ್ಷಕ್ಕೂ ಕ್ರಿಸ್ತವರ್ಷಕ್ಕೂ ಅಂತರ ೭೮ ಇರಲೇಬೇಕೆಂದು ನಮೂನೆ ವಿಧಿಸಿತ್ತು. ಶಕವರ್ಷವು ಚೈತ್ರದಲ್ಲಿ ಮೊದಲಾಗುವುದರಿಂದ ಗತವರ್ಷದ ಕಡೆಯ ತಿಂಗಳುಗಳಲ್ಲಿ ಅಂತರ ೭೯ ಆಗುತ್ತದೆ. ವರ್ತಮಾನವರ್ಷವನ್ನು ಹೇಳಿದ್ದರೆ ೭೭ ಆಗಬಹುದು. 'ಅಂತರ ೭೭ಕ್ಕೆ ಕಡಿಮೆಯಿಲ್ಲ ಮತ್ತು ೭೯ಕ್ಕೆ ಹೆಚ್ಚಿಲ್ಲ' ಎಂಬುದೇ ಯುಕ್ತವಾದ ನಿಬಂಧನೆ. ಇಲ್ಲಿ 'ಮತ್ತು' ಬದಲು 'ಅಥವಾ' ಬಂದರೆ ಯಾವ ಅಂಕಿಯಾದರೂ ನುಸುಳೀತು.

ಹಲ್ಮಿಡಿಯ ಅಂಕಣವನ್ನು ಈಗ ಮರಳಿ ಬರಿದುಮಾಡಿ, ಊಹಿತ ಕಾಲಕ್ಕೆ ಪಕ್ಕದಲ್ಲಿ ಬೇರೊಂದು ಅಂಕಣವನ್ನು ಸೇರಿಸಿದ್ದೇವೆ. ಹೀಗೆಯೇ ತುಂಬಲ್ಪಟ್ಟ ಉಳಿದ ವರ್ಷಗಳನ್ನು ಶಾಸನಗಳ ಪಾಠದೊಡನೆ ಒಂದೊಂದಾಗಿ ಹೋಲಿಸಬೇಕಾಗಿದೆ.