ಕೀಲುದ್ರವ ಮತ್ತು ಮಲ: ಪ್ರಯೋಗಾಲಯ ಪರೀಕ್ಷೆಯ ವಿಧಾನ ಹಾಗೂ ಪರಸ್ಪರ ಸಂಬಂಧ

ವೈದ್ಯಕೀಯ ಪ್ರಯೋಗಾಲಯಕ್ಕೆ ನಿತ್ಯವೂ ಬರುವ ಮಾದರಿಗಳಲ್ಲಿ ರಕ್ತ ಮತ್ತು ಮೂತ್ರಗಳದೇ ಸಿಂಹಪಾಲು. ಕೀಲುದ್ರವ ಅಪರೂಪಕ್ಕೆ ಬರುತ್ತದೆ. ಮಲ ಆಗಾಗ ಬಂದರೂ ಅದರ ಪರೀಕ್ಷೆ ಸಾಮಾನ್ಯವಾಗಿ ಅಲ್ಲಿಯ ಅತ್ಯಂತ ಕಿರಿಯರ ಪಾಲಿಗೆ ಬೀಳುವ ಕೆಲಸ. ಮೊದಲನೆಯದು ಅಪರಿಚಿತವಾದುದರಿಂದಲೂ ಎರಡನೆಯದು ಅತಿಪರಿಚಿತವಾದುದರಿಂದಲೂ ಉಪೇಕ್ಷೆಗೆ ಒಳಗಾಗಿವೆಯೆಂದು ಹೇಳಬಹುದು. ಆದರೆ ಈ ಎರಡೂ ಯಂತ್ರಕ್ಕಿಂತ ಹೆಚ್ಚಾಗಿ ನೋಡುವ ಕಣ್ಣನ್ನು ಅವಲಂಬಿಸಿದ ಪರೀಕ್ಷೆಗಳು. ಅಲ್ಲದೆ, ಒಂದೇ ರೋಗಿಯ ಒಂದೇ ಕಾಯಿಲೆಯನ್ನು ತಿಳಿಯಲು ಎರಡನ್ನೂ ಒಟ್ಟಿಗೆ ನೋಡಬೇಕಾದ ಸಂದರ್ಭಗಳಿವೆ. ಇವೆರಡರ ಸ್ವರೂಪವನ್ನು ವಿವರಿಸಿ, ಅವು ಸಂಧಿಸುವ ಸ್ಥಳವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೀಲಿನ ಒಳಪೊರೆಯ ಕೋಶಗಳು ಸ್ರವಿಸುವ ಹಯಲುರಾನಿಕ್ ಆಮ್ಲವು ರಕ್ತದಿಂದ ಸೋಸಿಬಂದ ದ್ರವದೊಡನೆ ಬೆರೆತು ಕೀಲುದ್ರವವಾಗುತ್ತದೆ. ಸ್ವಸ್ಥವಾದ ಮಂಡಿಯಲ್ಲಿಯೂ ಇದರ ಪ್ರಮಾಣ ನಾಲ್ಕು ಮಿಲಿಲೀಟರನ್ನು ಮೀರುವುದಿಲ್ಲ. ಬಣ್ಣವಿಲ್ಲದ ಅಥವಾ ತಿಳಿಹಳದಿಯ ಈ ದ್ರವ ಮೊಟ್ಟೆಯ ಲೋಳೆಯಂತೆ ಅಂಟಾಗಿರುತ್ತದೆ. ಗಾಜಿನ ನಳಿಕೆಯ ಹಿಂದೆ ಅಚ್ಚಾದ ಹಾಳೆಯನ್ನು ಹಿಡಿದರೆ ಅಕ್ಷರಗಳು ನಿಚ್ಚಳವಾಗಿ ಕಾಣಬೇಕು; ಸೂಜಿಯ ತುದಿಯಿಂದ ಹನಿಯೊಂದನ್ನು ಬೀಳಬಿಟ್ಟರೆ ಅದು ಕೆಲವು ಸೆಂಟಿಮೀಟರ್ ಉದ್ದದ ಎಳೆಯಾಗಿ ಇಳಿಯಬೇಕು. ಉರಿಯೂತವಾದಾಗ ಬಿಳಿರಕ್ತಕಣಗಳ ಕಿಣ್ವಗಳು ಹಯಲುರಾನಿಕ್ ಆಮ್ಲವನ್ನು ತುಂಡರಿಸುವುದರಿಂದ ದ್ರವ ನೀರಿನಂತೆ ತೊಟ್ಟಿಕ್ಕುತ್ತದೆ, ಅಕ್ಷರಗಳು ಮಸುಕಾಗುತ್ತವೆ. ಖರ್ಚಿಲ್ಲದ ಈ ಎರಡು ಪರೀಕ್ಷೆಗಳನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಮಾಡಬಹುದು.

ಬಿಳಿಕಣಗಳ ಎಣಿಕೆಯಲ್ಲಿ ಒಂದು ತೊಡಕಿದೆ. ರಕ್ತದ ಬಿಳಿಕಣಗಳನ್ನು ಎಣಿಸಲು ಬಳಸುವ ಟರ್ಕ್ ದ್ರಾವಣದಲ್ಲಿ ಅಸಿಟಿಕ್ ಆಮ್ಲವಿರುತ್ತದೆ. ಅದನ್ನು ಅಭ್ಯಾಸಬಲದಿಂದ ಕೀಲುದ್ರವಕ್ಕೂ ಬೆರೆಸಿದರೆ ಹಯಲುರಾನಿಕ್ ಆಮ್ಲ ಪ್ರೋಟೀನಿನೊಡನೆ ಹೆಪ್ಪುಗಟ್ಟಿ ಕಣಗಳನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಫಲವಾಗಿ ಎಣಿಕೆ ತಪ್ಪುತ್ತದೆ, ಸೋಂಕಿನ ಕೀಲು ಸೌಮ್ಯವಾದ ಕೀಲಿನಂತೆ ತೋರುವ ಅಪಾಯ ಉಂಟಾಗುತ್ತದೆ. ಆದುದರಿಂದ ಲವಣಜಲವನ್ನೇ ಬಳಸಬೇಕು. ಹೆಪ್ಪುರೋಧಕದ ಆಯ್ಕೆಯೂ ಇಷ್ಟೇ ಮುಖ್ಯ; ಆಕ್ಸಲೇಟ್ ಮತ್ತು ಲಿಥಿಯಂ ಹೆಪಾರಿನ್‌ಗಳು ತಾವೇ ಹರಳುಗಟ್ಟಿ, ರೋಗದ ಹರಳುಗಳೆಂಬ ಭ್ರಮೆಯನ್ನು ಹುಟ್ಟಿಸುತ್ತವೆ.

ಸಹಜ ದ್ರವದಲ್ಲಿ ಘನ ಮಿಲಿಮೀಟರಿಗೆ ಬಿಳಿಕಣಗಳು ೨೦೦ಕ್ಕಿಂತ ಕಡಿಮೆ. ಸವೆತದ ಸಂಧಿವಾತದಲ್ಲಿ ಸಾಮಾನ್ಯವಾಗಿ ೨,೦೦೦ದ ಒಳಗೆ. ಅದರಾಚೆ ಉರಿಯೂತದ ವಲಯ. ೫೦,೦೦೦ವನ್ನು ದಾಟಿ, ಅದರಲ್ಲಿ ನ್ಯೂಟ್ರೋಫಿಲ್‌ಗಳೇ ಬಹುಪಾಲಾಗಿದ್ದರೆ ಬ್ಯಾಕ್ಟೀರಿಯಾ ಸೋಂಕನ್ನು ಶಂಕಿಸಬೇಕು. ಈ ಗಡಿಗಳು ಗೋಡೆಗಳಲ್ಲ. ಗೌಟ್ ರೋಗಿಯ ದ್ರವದಲ್ಲಿ ಎಣಿಕೆ ೫೦,೦೦೦ವನ್ನು ಮೀರುವುದುಂಟು. ಸೋಂಕಿನ ಆರಂಭದಲ್ಲಿ ಎಣಿಕೆ ತಗ್ಗಿರುವುದೂ ಉಂಟು.

ಹರಳುಗಳ ಪರೀಕ್ಷೆ ಕೀಲುದ್ರವ ವಿಶ್ಲೇಷಣೆಯ ಅತ್ಯಂತ ಸೊಗಸಾದ ಭಾಗ. ಡೇನಿಯಲ್ ಮೆಕಾರ್ಟಿ ಮತ್ತು ಜೋಸೆಫ್ ಹಾಲಂಡರ್ ೧೯೬೧ರಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಿಂದ ಗೌಟ್ ರೋಗಿಗಳ ಕೀಲುದ್ರವದಲ್ಲಿ ಯೂರೇಟ್ ಹರಳುಗಳನ್ನು ಗುರುತಿಸಿದರು. ಸೂಜಿಯಾಕಾರದ ಈ ಹರಳುಗಳು ಸರಿದೂಗಕದ ನಿಧಾನಾಕ್ಷಕ್ಕೆ ಸಮಾನಾಂತರವಾಗಿದ್ದಾಗ ಹಳದಿಯಾಗಿಯೂ ಅಡ್ಡಲಾಗಿದ್ದಾಗ ನೀಲಿಯಾಗಿಯೂ ಕಾಣುತ್ತವೆ. ಮರುವರ್ಷ ಮೆಕಾರ್ಟಿ ಮತ್ತು ಸಂಗಡಿಗರು ಗೌಟನ್ನೇ ಹೋಲುವ ಇನ್ನೊಂದು ರೋಗದಲ್ಲಿ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳುಗಳನ್ನು ಕಂಡರು. ಇವು ಹೆಚ್ಚಾಗಿ ಚೌಕುಳಿಯಾಕಾರದವು, ಬಣ್ಣದ ಕ್ರಮ ತಿರುವುಮುರುವು, ಹೊಳಪು ಕಡಿಮೆ. ಧ್ರುವೀಕರಣ ಸೂಕ್ಷ್ಮದರ್ಶಕ ಎಲ್ಲ ಕಡೆಯೂ ಇರುವುದಿಲ್ಲವೆಂಬುದು ದಿಟ. ಆದರೆ ಎರಡು ಪೋಲರಾಯ್ಡ್ ಹಾಳೆಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅಳವಡಿಸಿದರೂ ಕತ್ತಲೆಯ ಹಿನ್ನೆಲೆಯಲ್ಲಿ ಯೂರೇಟ್ ಸೂಜಿಗಳು ಹೊಳೆಯುವುದನ್ನು ನೋಡಬಹುದು. ಹಿಂದೆ ಕೀಲಿಗೆ ಚುಚ್ಚಿದ ಸ್ಟೀರಾಯ್ಡಿನ ಹರಳುಗಳೂ ಕೈಗವಸಿನ ಪುಡಿಯೂ ಹೀಗೆಯೇ ಹೊಳೆಯುತ್ತವೆಂಬುದನ್ನು ಮರೆಯಬಾರದು. ಹರಳು ಕಂಡಿತೆಂದು ಸೋಂಕಿನ ಹುಡುಕಾಟವನ್ನು ನಿಲ್ಲಿಸುವುದೂ ಸಲ್ಲದು. ಎರಡೂ ಒಂದೇ ಕೀಲಿನಲ್ಲಿರಬಹುದು.

ಸೋಂಕಿನ ಪ್ರಶ್ನೆಯೇ ಇಲ್ಲಿ ನಿರ್ಣಾಯಕ. ಕೀವುಗಟ್ಟಿದ ಕೀಲಿನ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಮರಳಿ ಸರಿಪಡಿಸಲಾಗದಂತೆ ನಾಶವಾಗುತ್ತದೆ. ಗ್ರಾಂ ವರ್ಣಲೇಪದಲ್ಲಿ ಬ್ಯಾಕ್ಟೀರಿಯಾ ಕಾಣದಿದ್ದರೆ ಸೋಂಕಿಲ್ಲವೆಂದು ಅರ್ಥವಲ್ಲ. ಸೋಂಕಿರುವ ಮಾದರಿಗಳಲ್ಲಿಯೂ ಅದು ಅನೇಕ ಸಲ ಬರಿದಾಗಿಯೇ ತೋರುತ್ತದೆ. ದ್ರವವನ್ನು ಹಾಸಿಗೆಯ ಬಳಿಯಲ್ಲಿಯೇ ರಕ್ತಸಂವರ್ಧನೆಯ ಸೀಸೆಗೆ ಹಾಕಿದರೆ ಫಲ ಹೆಚ್ಚು, ವಿಶೇಷವಾಗಿ ಮಕ್ಕಳಲ್ಲಿ ಕಂಡುಬರುವ ಕಿಂಗೆಲ್ಲಾ ಕಿಂಗೆ ಎಂಬ ನಾಜೂಕಿನ ಬ್ಯಾಕ್ಟೀರಿಯಾದ ಮಟ್ಟಿಗೆ. ಕ್ಷಯದ ಕೀಲಿನಲ್ಲಿ ದ್ರವದ ಲೇಪ ಅಪರೂಪಕ್ಕೆ ನೆರವಾಗುತ್ತದೆ. ಅಲ್ಲಿ ಒಳಪೊರೆಯ ತುಣುಕೇ ಬೇಕು.

ಇನ್ನು ಮಲಪರೀಕ್ಷೆ. ಇಲ್ಲಿ ಕಾಲವೇ ಮೊದಲ ಶತ್ರು. ದ್ರವರೂಪದ ಮಲದಲ್ಲಿರುವ ಅಮೀಬಾದ ಚಲಿಸುವ ರೂಪವನ್ನು ಅರ್ಧ ಗಂಟೆಯೊಳಗೆ ನೋಡಬೇಕು. ಅನಂತರ ಅದು ಚಲನೆ ನಿಲ್ಲಿಸಿ ಕರಗತೊಡಗುತ್ತದೆ. ಬೆಳಗ್ಗೆ ತಂದ ಡಬ್ಬಿಯನ್ನು ಮಧ್ಯಾಹ್ನದವರೆಗೆ ಮೇಜಿನ ಮೇಲಿಟ್ಟು ‘ಅಮೀಬಾ ಇಲ್ಲ’ ಎಂದು ಬರೆಯುವ ವರದಿಗೆ ಅರ್ಥವಿಲ್ಲ. ಮೂತ್ರ ಬೆರೆತರೂ ಅದು ಸಾಯುತ್ತದೆ. ಕೋಶರೂಪ ಹಾಗೂ ಕೊಕ್ಕೆಹುಳು, ಜಂತುಹುಳುಗಳ ಮೊಟ್ಟೆಗಳು ಹೆಚ್ಚು ಗಟ್ಟಿ; ಲವಣಜಲ ಮತ್ತು ಅಯೊಡಿನ್ ಲೇಪಗಳಲ್ಲಿ ಅವನ್ನು ಸಾವಕಾಶವಾಗಿ ಹುಡುಕಬಹುದು. ಅವು ಪ್ರತಿದಿನವೂ ಹೊರಬೀಳುವುದಿಲ್ಲವಾದುದರಿಂದ ದಿನ ಬಿಟ್ಟು ದಿನ ಮೂರು ಮಾದರಿಗಳನ್ನು ನೋಡುವುದು ವಾಡಿಕೆ.

ಅಮೀಬಾದ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ರೋಗಕಾರಕವಾದ ಎಂಟಮೀಬಾ ಹಿಸ್ಟೊಲಿಟಿಕಾವನ್ನೂ ನಿರಪಾಯಕಾರಿಯಾದ ಎಂಟಮೀಬಾ ಡಿಸ್ಪಾರ್ ಅನ್ನೂ ಎಮಿಲ್ ಬ್ರಂಪ್ಟ್ ೧೯೨೫ರಲ್ಲಿಯೇ ಬೇರ್ಪಡಿಸಿದರೂ ಆ ಅಭಿಪ್ರಾಯಕ್ಕೆ ಮನ್ನಣೆ ದೊರೆತದ್ದು ೧೯೯೩ರಲ್ಲಿ. ಇವೆರಡರ ಕೋಶಗಳನ್ನು ಸೂಕ್ಷ್ಮದರ್ಶಕದಿಂದ ಬೇರೆ ಮಾಡಲಾಗದು. ಕೆಂಪುರಕ್ತಕಣಗಳನ್ನು ನುಂಗಿದ ಚಲಿಸುವ ರೂಪ ಕಂಡರೆ ಮಾತ್ರ ರೋಗಕಾರಕವೆಂದು ಬಲವಾಗಿ ಶಂಕಿಸಬಹುದು. ಕೆಂಪುಕಣ ನುಂಗಿದ ಮಾನವದೇಹದ ಭಕ್ಷಕಕೋಶವನ್ನೇ ಅಮೀಬಾ ಎಂದು ವರದಿ ಮಾಡುವುದು ಇದಕ್ಕಿಂತ ದೊಡ್ಡ ಪ್ರಮಾದ. ಬ್ಯಾಕ್ಟೀರಿಯಾ ಭೇದಿಯ ರೋಗಿಗೆ ಆಗ ಅಮೀಬಾದ ಔಷಧ ಸಿಗುತ್ತದೆ.

ಬ್ಯಾಕ್ಟೀರಿಯಾಗಳನ್ನು ಬೆಳೆಸುವಾಗ ಕೋರಿಕೆಪತ್ರ ಸ್ಪಷ್ಟವಾಗಿರಬೇಕು. ಶಿಗೆಲ್ಲಾ ಮಲದಲ್ಲಿ ಬೇಗನೆ ಸಾಯುತ್ತದೆ, ಅದಕ್ಕೆ ಕ್ಯಾರಿ–ಬ್ಲೇರ್ ಸಾಗಣೆ ಮಾಧ್ಯಮ ಬೇಕು. ಕ್ಯಾಂಪಿಲೋಬ್ಯಾಕ್ಟರ್‌ಗೆ ೪೨ ಡಿಗ್ರಿ ಉಷ್ಣತೆ ಮತ್ತು ಆಮ್ಲಜನಕ ಕಡಿಮೆಯಿರುವ ವಾತಾವರಣ ಬೇಕು. ಯೆರ್ಸಿನಿಯಾ ತಂಪನ್ನು ಬಯಸುತ್ತದೆ. ಬರಿಯ ‘ಮಲಸಂವರ್ಧನೆ’ ಎಂಬ ಕೋರಿಕೆಗೆ ಸಾಮಾನ್ಯ ಪ್ರಯೋಗಾಲಯ ಸಾಲ್ಮೊನೆಲ್ಲಾ ಮತ್ತು ಶಿಗೆಲ್ಲಾಗಳನ್ನಷ್ಟೇ ಹುಡುಕಿ ಸುಮ್ಮನಾಗಬಹುದು.

ಮೇಲೆ ಹೆಸರಿಸಿದ ಈ ನಾಲ್ಕು ಬ್ಯಾಕ್ಟೀರಿಯಾಗಳೇ ನಮ್ಮನ್ನು ಮತ್ತೆ ಕೀಲಿಗೆ ಕರೆದೊಯ್ಯುತ್ತವೆ. ಭೇದಿಯಾಗಿ ಒಂದರಿಂದ ನಾಲ್ಕು ವಾರಗಳ ಬಳಿಕ ಕೆಲವರಿಗೆ ಮಂಡಿ ಅಥವಾ ಹರಡು ಊದಿಕೊಳ್ಳುತ್ತದೆ. ಕಣ್ಣು ಕೆಂಪಾಗುವುದು, ಮೂತ್ರ ಉರಿಯುವುದು ಜೊತೆಗೂಡಬಹುದು. ಪ್ರತಿಕ್ರಿಯಾತ್ಮಕ ಸಂಧಿವಾತವೆಂದು ಇಂದು ಕರೆಯುವ ಈ ರೋಗವನ್ನು ಮೊದಲ ಮಹಾಯುದ್ಧದ ನಡುವೆ, ೧೯೧೬ರಲ್ಲಿ, ಫ್ರಾನ್ಸಿನಲ್ಲಿ ಫಿಯೆಸಿಂಜೆ ಮತ್ತು ಲೆರಾಯ್, ಜರ್ಮನಿಯಲ್ಲಿ ಹಾನ್ಸ್ ರೈಟರ್ ಪ್ರತ್ಯೇಕವಾಗಿ ವರ್ಣಿಸಿದರು. ಬಹುಕಾಲ ರೋಗಕ್ಕೆ ರೈಟರನ ಹೆಸರೇ ಇತ್ತು. ಆತ ನಾಜಿ ಆಡಳಿತದಲ್ಲಿ ಬಂದಿಗಳ ಮೇಲಿನ ಪ್ರಯೋಗಗಳಲ್ಲಿ ಭಾಗಿಯಾದದ್ದು ಬೆಳಕಿಗೆ ಬಂದ ಮೇಲೆ ವೈದ್ಯಲೋಕ ಆ ಹೆಸರನ್ನು ಕೈಬಿಟ್ಟಿದೆ. ಅದು ಸರಿಯಾದ ನಿರ್ಧಾರ.

ಭೇದಿಗೂ ಕೀಲುನೋವಿಗೂ ಇರುವ ನಂಟನ್ನು ಖಚಿತಗೊಳಿಸಿದ್ದು ಎರಡು ಹಾವಳಿಗಳು. ಫಿನ್ಲೆಂಡಿನಲ್ಲಿ ೧೯೪೪ರ ಆಮಶಂಕೆಯ ಹಾವಳಿಯ ನಂತರ ಕಂಡ ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಪಾರೊನೆನ್ ೧೯೪೮ರಲ್ಲಿ ವಿವರಿಸಿದ. ೧೯೬೨ರಲ್ಲಿ ಅಮೆರಿಕದ ಯುದ್ಧನೌಕೆಯೊಂದರಲ್ಲಿ ೬೦೨ ಮಂದಿಗೆ ಶಿಗೆಲ್ಲಾ ಭೇದಿಯಾಗಿ, ಅವರಲ್ಲಿ ಒಂಬತ್ತು ಮಂದಿಗೆ ಈ ರೋಗ ತಗಲಿತು. ಅದೇ ಊಟ, ಅದೇ ಬ್ಯಾಕ್ಟೀರಿಯಾ, ಆದರೂ ಒಂಬತ್ತೇ ಮಂದಿ ಏಕೆ? ೧೯೭೩ರಲ್ಲಿ ಎಚ್‌ಎಲ್‌ಎ–ಬಿ೨೭ ಎಂಬ ಆನುವಂಶಿಕ ಲಕ್ಷಣದ ಪಾತ್ರ ತಿಳಿದಾಗ ಇದಕ್ಕೆ ಭಾಗಶಃ ಉತ್ತರ ದೊರೆಯಿತು. ೧೯೭೬ರ ವರದಿಯಂತೆ, ಆ ನೌಕೆಯ ರೋಗಿಗಳಲ್ಲಿ ಮತ್ತೆ ಪತ್ತೆಯಾದ ಐವರ ಪೈಕಿ ನಾಲ್ವರಲ್ಲಿ ಅದು ಇತ್ತು.

ಇಂಥ ರೋಗಿಯ ಕೀಲುದ್ರವದಲ್ಲಿ ಬಿಳಿಕಣಗಳು ತುಂಬಿರುತ್ತವೆ, ಹರಳಿಲ್ಲ, ಸಂವರ್ಧನೆಯಲ್ಲಿ ಏನೂ ಬೆಳೆಯುವುದಿಲ್ಲ. ಆದರೆ ದ್ರವ ನಿಜವಾಗಿಯೂ ಬರಿದಲ್ಲ. ಫಿನ್ಲೆಂಡಿನ ಗ್ರಾನ್‌ಫೋರ್ಸ್ ಮತ್ತು ಸಂಗಡಿಗರು ೧೯೮೯ರಲ್ಲಿ ಯೆರ್ಸಿನಿಯಾ ಸೋಂಕಿನ ನಂತರದ ಸಂಧಿವಾತದ ರೋಗಿಗಳ ಕೀಲುದ್ರವದ ಕೋಶಗಳೊಳಗೆ ಆ ಬ್ಯಾಕ್ಟೀರಿಯಾದ ಅಂಶಗಳನ್ನು ತೋರಿಸಿದರು. ಜೀವಂತ ಬ್ಯಾಕ್ಟೀರಿಯಾ ಬೆಳೆಯದು, ಅದರ ಅವಶೇಷ ಕರುಳಿನಿಂದ ಕೀಲಿಗೆ ಸಾಗಿದೆ.

ಕನ್ನಡದ ‘ಆಮಶಂಕೆ’ ಹಾಗೂ ಆಯುರ್ವೇದದ ‘ಆಮವಾತ’ ಎರಡರಲ್ಲಿಯೂ ‘ಆಮ’ ಇರುವುದನ್ನು ಇಲ್ಲಿ ನೆನೆಯಬಹುದು. ಆಮವಾತವನ್ನು ಪ್ರತ್ಯೇಕ ರೋಗವಾಗಿ ವರ್ಣಿಸಿದ ಗ್ರಂಥ ಮಾಧವನಿದಾನ. ಅಜೀರ್ಣಕ್ಕೂ ಕೀಲಿಗೂ ನಂಟು ಕಲ್ಪಿಸಿದ ಆ ಚಿಂತನೆ ಕುತೂಹಲಕರ. ಆದರೆ ಪ್ರಾಚೀನರಿಗೆ ಶಿಗೆಲ್ಲಾ ತಿಳಿದಿತ್ತೆಂದು ಸಾಧಿಸಹೊರಡುವುದು ಪದಸಾಮ್ಯದ ಮೇಲೆ ಕಟ್ಟಿದ ಮನೆಯಾದೀತು.

ವ್ಯವಹಾರದಲ್ಲಿ ಈ ವಿವೇಚನೆಯ ಬೆಲೆ ಇಷ್ಟು: ಕೀವುಗಟ್ಟಿದ ಕೀಲಿಗೆ ತುರ್ತಾಗಿ ದ್ರವ ಹೊರತೆಗೆಯುವುದೂ ಪ್ರತಿಜೈವಿಕವೂ ಬೇಕು, ಅಲ್ಲಿ ಸ್ಟೀರಾಯ್ಡ್ ಚುಚ್ಚುವುದು ಅನಾಹುತ. ಪ್ರತಿಕ್ರಿಯಾತ್ಮಕ ಸಂಧಿವಾತದಲ್ಲಿ ಅದೇ ಸ್ಟೀರಾಯ್ಡ್ ಉಪಶಮನ ನೀಡಬಲ್ಲದು. ಕರುಳಿನ ಸೋಂಕಿನಿಂದ ಬಂದ ಬಗೆಯಲ್ಲಿ ಪ್ರತಿಜೈವಿಕವು ಕೀಲುರೋಗದ ಅವಧಿಯನ್ನು ಸಾಮಾನ್ಯವಾಗಿ ಕಡಿಮೆ ಮಾಡದು. ಸಾಲ್ಮೊನೆಲ್ಲಾ ಮಾತ್ರ ಎರಡು ಮುಖದ್ದು. ಅದು ಪ್ರತಿಕ್ರಿಯೆಯನ್ನೂ ಹುಟ್ಟಿಸಬಲ್ಲದು, ಕೀಲಿಗೇ ನುಗ್ಗಿ ಕೀವನ್ನೂ ಮಾಡಬಲ್ಲದು, ಮುಖ್ಯವಾಗಿ ಕುಡಗೋಲು ಕಣದ ರಕ್ತಹೀನತೆಯುಳ್ಳವರಲ್ಲಿ. ಆದ್ದರಿಂದ ಮಲದಲ್ಲಿ ಸಾಲ್ಮೊನೆಲ್ಲಾ ದೊರೆತಾಗ ಕೀಲುದ್ರವದ ಸಂವರ್ಧನೆ ಮುಗಿಯುವವರೆಗೆ ತೀರ್ಮಾನವನ್ನು ತಡೆಹಿಡಿಯಬೇಕು.

ಕೀಲು ಊದುವ ಹೊತ್ತಿಗೆ ಭೇದಿ ನಿಂತಿರುತ್ತದೆ, ರೋಗಿ ಆಗಲೇ ಮಾತ್ರೆ ನುಂಗಿರುತ್ತಾನೆ. ಮಲದಲ್ಲಿ ಬ್ಯಾಕ್ಟೀರಿಯಾ ದೊರೆಯದಿರುವುದು ಸಾಮಾನ್ಯ, ಅದರಿಂದ ರೋಗನಿರ್ಣಯ ಬಿದ್ದುಹೋಗುವುದಿಲ್ಲ. ಈಚೆಗೆ ಬಳಕೆಗೆ ಬಂದ ಬಹುಗುರಿ ಪಿಸಿಆರ್ ಪರೀಕ್ಷೆಗಳು ಬೆಳೆಯಲಾರದ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಕೆಲವು ಗಂಟೆಗಳಲ್ಲಿ ಗುರುತಿಸುತ್ತವೆ. ಆದರೆ ರೋಗಲಕ್ಷಣವಿಲ್ಲದೆ ಬ್ಯಾಕ್ಟೀರಿಯಾವನ್ನು ಹೊತ್ತವನಲ್ಲಿಯೂ ಅವು ಧನಫಲ ನೀಡುತ್ತವೆ, ಔಷಧ ಸಂವೇದನೆಯನ್ನು ಪರೀಕ್ಷಿಸಲು ಜೀವಂತ ಬ್ಯಾಕ್ಟೀರಿಯಾವನ್ನು ಕೊಡುವುದಿಲ್ಲ. ಹಾಗಾಗಿ ಧನಫಲ ಬಂದ ಮಾದರಿಯನ್ನು ಮತ್ತೆ ಹಳೆಯ ಸಂವರ್ಧನೆಯ ತಟ್ಟೆಗೇ ಹಾಕಬೇಕಾಗುತ್ತದೆ.