ಮುಂಗಾರು ಬಡಿಸುವ ಕಡಲೂಟ

ಮುಂಗಾರಿನ ದಿನಗಳಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮಂಜಿನಲ್ಲಿ ಮುಳುಗಿರುತ್ತದೆ. ಕೆಳಗೆ ಗುಂಡ್ಲುಪೇಟೆ, ಚಾಮರಾಜನಗರದ ರೈತರು ಮಾತ್ರ ಮೋಡ ನೋಡುತ್ತ ಕೂರಬೇಕು. ಅದು ಮಳೆ ನೆರಳಿನ ಸೀಮೆ. ಬೆಟ್ಟಕ್ಕೆ ಮಂಜು ತರುವ ನೈರುತ್ಯ ಮಾರುತ, ಘಟ್ಟ ಹತ್ತುವ ಮೊದಲೇ ಅರಬ್ಬೀ ಸಮುದ್ರದಲ್ಲಿ ದೊಡ್ಡದೊಂದು ಕೆಲಸ ಮುಗಿಸಿರುತ್ತದೆ. ಒಮಾನಿನಿಂದ ನಮ್ಮ ಪಶ್ಚಿಮ ತೀರದವರೆಗೆ ಅಲ್ಲಲ್ಲಿ, ಗಾಳಿಯ ಒತ್ತಡಕ್ಕೆ ದಡದ ಬೆಚ್ಚನೆಯ ಮೇಲ್ನೀರು ಆಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇರುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳು, ಸಿಗಡಿಯಂಥ ಪುಟ್ಟ ಜೀವಿಗಳು, ಬೂತಾಯಿ ಮೀನು ಎಲ್ಲವೂ ಹುಲುಸಾಗುತ್ತವೆ.

ಈ ಊಟಕ್ಕೆ ದಕ್ಷಿಣ ಧ್ರುವದ ಕಡೆಯಿಂದಲೂ ನೆಂಟರುಂಟು. ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಎಂಬ ಕಪ್ಪು ಹಕ್ಕಿ ಗುಬ್ಬಿಗಿಂತ ತುಸು ದೊಡ್ಡದು. ತೂಕ 40 ಗ್ರಾಂ ಆಸುಪಾಸು. ಅಂಟಾರ್ಕ್ಟಿಕದ ಬಂಡೆ ಸಂದಿಯಲ್ಲಿ ಒಂದೇ ಮೊಟ್ಟೆಯಿಟ್ಟು, ಸಿಗಡಿಯನ್ನು ಹೋಲುವ ಕ್ರಿಲ್ ಉಣಿಸಿ ಮರಿ ಸಾಕುತ್ತದೆ. ಅಲ್ಲಿ ಚಳಿಗಾಲ ಕವಿಯುವಾಗ ಉತ್ತರಕ್ಕೆ ಹಾರುತ್ತದೆ. ಅಷ್ಟರಲ್ಲಿ ಇಲ್ಲಿ ಮುಂಗಾರು! ಕರ್ನಾಟಕದ ತೀರದಾಚೆಯ ನೀರಿನಲ್ಲೂ ಅದು ಕಾಣಸಿಗುತ್ತದೆ. ರೆಕ್ಕೆ ಎತ್ತಿ ಹಿಡಿದು, ಕಾಲಿನಿಂದ ನೀರು ತಟ್ಟುತ್ತ, ಅಲೆಯ ಮೇಲೆ ನಡೆದಂತೆ ಆಹಾರ ಹೆಕ್ಕುತ್ತದೆ.

ಹಕ್ಕಿ ಇಷ್ಟು ದೂರ ಬಂದರೆ, ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲ ಎಲ್ಲಿಗೂ ಹೋಗುವುದಿಲ್ಲ. ಬೇರೆ ಕಡಲುಗಳಲ್ಲಿ ಅದರ ಬಳಗ ಬೇಸಿಗೆಯಲ್ಲಿ ಧ್ರುವದತ್ತಲ ತಣ್ಣೀರಿನಲ್ಲಿ ಉಂಡು, ಮರಿ ಹಾಕಲು ಉಷ್ಣವಲಯಕ್ಕೆ ಬಂದು ಬಹುತೇಕ ಉಪವಾಸವಿರುತ್ತದೆ. ಇಲ್ಲಿನವುಗಳಿಗೆ ಊಟವೂ ಇಲ್ಲೇ, ಬಾಣಂತನವೂ ಇಲ್ಲೇ.

ಇದು ತಿಳಿದುಬಂದ ಬಗೆ ಮಾತ್ರ ಕ್ರೂರ. 1966ರ ನವೆಂಬರ್‌ನಲ್ಲಿ ಸೋವಿಯತ್ ಬೇಟೆ ಹಡಗುಗಳು ಒಮಾನ್, ಪಾಕಿಸ್ತಾನ ಹಾಗೂ ವಾಯವ್ಯ ಭಾರತದ ಸಮೀಪ ಇಂಥ 238 ತಿಮಿಂಗಿಲಗಳನ್ನು ಅಕ್ರಮವಾಗಿ ಕೊಂದವು. ಲೆಕ್ಕ ಬಯಲಾದದ್ದು 1990ರ ದಶಕದಲ್ಲಿ. ಸತ್ತವುಗಳ ಹೊಟ್ಟೆಯಲ್ಲಿ ಮೀನು, ಕ್ರಿಲ್ ಇದ್ದವು. ಗರ್ಭದ ಮರಿಗಳ ಗಾತ್ರ ಉತ್ತರ ಗೋಳಾರ್ಧದ ಋತುಮಾನಕ್ಕೆ ಹೊಂದುತ್ತಿತ್ತು. ಅಂದರೆ ಇವು ಅಂಟಾರ್ಕ್ಟಿಕದಿಂದ ಬಂದವಲ್ಲ.

ಬೇರೆ ಕಡಲಿನ ಬಳಗ ಬಂದು ಸೇರುವುದಿಲ್ಲವಾದ್ದರಿಂದ ಆ ನಷ್ಟ ತುಂಬುವುದು ಕಷ್ಟ. ಒಮಾನ್ ತೀರದಲ್ಲಿ ಉಳಿದವು ಸುಮಾರು 82 ಎಂದು 2011ರಲ್ಲಿ ಪ್ರಕಟವಾದ ಅಂದಾಜು ಹೇಳಿತು. ಮೀನುಬಲೆಗೆ ಸಿಕ್ಕುವುದು, ಹಡಗಿನ ಡಿಕ್ಕಿ ಈಗಿನ ಅಪಾಯಗಳು. 2017ರ ಕೊನೆಯಲ್ಲಿ ಅಲ್ಲಿ ಉಪಗ್ರಹ ಸಾಧನ ತೊಡಿಸಿದ್ದ 'ಲುಬಾನ್' ಎಂಬ ಹೆಣ್ಣು (ನಮ್ಮ ಲೋಬಾನವೂ ಅದೇ ಪದ) ಕಡಲು ದಾಟಿ ಗೋವಾದತ್ತ ಬಂದು, ದಕ್ಷಿಣಕ್ಕೆ ಕನ್ಯಾಕುಮಾರಿಯ ಕಡೆ ಈಜಿತು.